ಬಸುರಿ ಇಲ್ಲದ ಇಪ್ಪತ್ತು ದಿನ

ಮದುವೆಯಾಗಿ ಕೊಂಬೈಗೆ ಬಂದ ಮೊದಲ ವಾರದಲ್ಲೇ ನಾನು ಜಾರಿ ಬಿದ್ದೆ. ಬಿದ್ದದ್ದು ಎರಡೇ ಮೆಟ್ಟಿಲು. ಕೈಯಲ್ಲಿದ್ದ ಮೊರ ಮಾತ್ರ ಹನ್ನೊಂದೂ ಮೆಟ್ಟಿಲು ಇಳಿದು ಹೋಗಿ ನಡುಮನೆಯಲ್ಲಿ ಕೂತಿದ್ದ ಮಾವನ ಕಾಲ ಹತ್ತಿರ ನಿಂತಿತು. ಮಾವ ಮೊರ ನೋಡಿದರು, ತಲೆಯೆತ್ತಿ ನನ್ನನ್ನು ನೋಡಿದರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೇಳಿ ಎಲೆಗೆ ಸುಣ್ಣ ಹಚ್ಚಿಕೊಂಡರು. ನಾನು ನೆಲದ ವಿಷಯ ಇನ್ನೂ ಬಾಯೇ ಬಿಟ್ಟಿರಲಿಲ್ಲ.

ಅದು ಅರುವತ್ತರ ದಶಕದ ನಡುವಿನ ಮಾತು. ನಮ್ಮ ಮನೆಯ ಮೆಟ್ಟಿಲು ಅಂದರೆ ಹನ್ನೊಂದು ಕರಿಕಲ್ಲಿನ ಚಪ್ಪಡಿ. ಮಾವನ ಅಜ್ಜ ಬೆಟ್ಟದ ಬುಡದಿಂದ ಎತ್ತಿನ ಗಾಡಿಯಲ್ಲಿ ಹೇರಿಸಿ ತಂದು ಹಾಕಿಸಿದ್ದಂತೆ. ಎರಡು ಗೋಡೆಗಳ ನಡುವೆ ಕತ್ತಲೆಯ ಸಂದು, ಕೈಗೆ ಹಿಡಿಯಲು ಒಂದು ಕಡ್ಡಿಯೂ ಇಲ್ಲ. ಮೇಲಿನ ಅಂತಸ್ತನ್ನು ನಮ್ಮ ಕಡೆ ಮೆತ್ತೆ ಅನ್ನುತ್ತೇವೆ, ಮೆಟ್ಟಿಲಿಗೆ ಪಡಿ ಅನ್ನುತ್ತೇವೆ. ಕನ್ನಡ ಮನೆಮಾತಿನ ನಾವು ಈ ತೇನಿ ಸೀಮೆಯಲ್ಲಿ ತಮಿಳಿನವರ ನಡುವೆ ಇಷ್ಟು ತಲೆಮಾರು ಬದುಕಿದ ಮೇಲೆ ಯಾವ ಮಾತು ನಮ್ಮದು, ಯಾವುದು ಅವರದು ಎಂದು ಕೇಳುವ ಹಾಗಿಲ್ಲ. ಜೋಳದ ಮೂಟೆ, ಕಡಲೆಕಾಯಿ, ಹುಣಸೆಹಣ್ಣಿನ ಮಡಕೆ ಎಲ್ಲ ಇದ್ದದ್ದು ಮೆತ್ತೆಯಲ್ಲಿ. ದಿನಕ್ಕೆ ಹತ್ತು ಸಲ ಹತ್ತಿ ಇಳಿಯದೆ ಆ ಮನೆಯಲ್ಲಿ ಅಡುಗೆ ಆಗುತ್ತಿರಲಿಲ್ಲ.

ಜಾರುವುದಕ್ಕೆ ಕಾರಣ ಬರೀ ಕಲ್ಲಲ್ಲ, ನಾವೇ. ಮಂಗಳವಾರ ಶುಕ್ರವಾರ ಹೆಂಗಸರು, ಶನಿವಾರ ಗಂಡಸರು ಎಣ್ಣೆ ಸ್ನಾನ ಮಾಡುವ ಮನೆ. ನೆತ್ತಿಯಿಂದ ಅಂಗಾಲಿನವರೆಗೆ ಎಳ್ಳೆಣ್ಣೆ ತಿಕ್ಕಿಕೊಂಡು, ಸೀಗೆಕಾಯಿ ಹಾಕಿ ಎಷ್ಟು ಉಜ್ಜಿದರೂ ಅಂಗಾಲಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತಿತ್ತು. ಅದೇ ಕಾಲಲ್ಲಿ ತಲೆ ಒಣಗಿಸಲು ಮೇಲಿನ ಬಿಸಿಲಿಗೆ ಹೋಗುವುದು. ಮೂರು ತಲೆಮಾರಿನ ಎಣ್ಣೆ ಆ ಕಲ್ಲು ಕುಡಿದಿತ್ತು. ನೀರಲ್ಲಿ ನಿಂತ ಎಮ್ಮೆಯ ಬೆನ್ನಿನ ಹಾಗೆ ಹೊಳೆಯುತ್ತಿತ್ತು. ನೆಂಟರು ಬಂದರೆ ಮಾವ ದೀಪ ಹಿಡಿದು ಆ ಹೊಳಪು ತೋರಿಸುತ್ತಿದ್ದರು. ಇದು ದುಡ್ಡು ಕೊಟ್ಟರೆ ಬರುವ ಹೊಳಪಲ್ಲ, ನಮ್ಮ ಹಿರಿಯರ ಕಾಲಿನದು ಅನ್ನುತ್ತಿದ್ದರು.

ಅತ್ತೆ ಆ ಹೊಳಪಿನ ಬಗ್ಗೆ ಏನೂ ಅನ್ನುತ್ತಿರಲಿಲ್ಲ. ಆಕೆ ತುಂಬಿದ ಏಳು ತಿಂಗಳಲ್ಲಿ ಐದನೇ ಮೆಟ್ಟಿಲಿನಿಂದ ಜಾರಿ ಬಿದ್ದು ಮಗುವನ್ನು ಕಳಕೊಂಡವಳು. ನನ್ನ ಗಂಡ ಹುಟ್ಟುವುದಕ್ಕೆ ಮುಂಚಿನ ಕಥೆ ಅದು. ಬೀದಿಗೆಲ್ಲ ಗೊತ್ತಿತ್ತು, ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆವತ್ತಿನಿಂದ ಅತ್ತೆ ಹತ್ತುವಾಗ ಗೋಡೆಗೆ ಅಂಗೈ ಒತ್ತಿಕೊಂಡು ಹತ್ತುತ್ತಿದ್ದಳು. ಇಳಿಯುವಾಗ ಮೇಲಿನ ಮೆಟ್ಟಿಲಲ್ಲೇ ಕುಳಿತು, ಒಂದೊಂದಾಗಿ ಕೂತುಕೊಂಡೇ ಇಳಿಯುತ್ತಿದ್ದಳು. ಊರನ್ನೇ ಗದರಿಸುವ ಹೆಂಗಸು ಹಾಗೆ ಕೂತು ಇಳಿಯುವುದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಕಾರಣ ಗೊತ್ತಾದ ಮೇಲೆ ನನ್ನ ಬಾಯಿಗೆ ನಾನೇ ಬೈದುಕೊಂಡೆ.

ಇನ್ನೊಂದು ಇತ್ತು. ಮಗುವನ್ನು ಎತ್ತಿಕೊಂಡು ಆ ಮೆಟ್ಟಿಲ ಮೇಲೆ ಆಕೆ ಕಾಲಿಡುತ್ತಿರಲಿಲ್ಲ. ಆಮೇಲೆ ಐದು ಹೆತ್ತಳು. ಐದನ್ನೂ ಮೇಲಕ್ಕೆ ಕೆಳಕ್ಕೆ ಒಯ್ದವರು ಬೇರೆಯವರು. ನನ್ನ ಓರಗಿತ್ತಿಯ, ಅಂದರೆ ದೊಡ್ಡ ಸೊಸೆಯ ಮಗು ಮೆತ್ತೆಯಲ್ಲಿ ಎದ್ದು ಅಳುತ್ತಿದ್ದರೆ ಅತ್ತೆ ಕೆಳಗೆ ನಿಂತು ನಮ್ಮನ್ನೆಲ್ಲ ಕೂಗಿ ಕರೆಯುತ್ತಿದ್ದಳು. ನಾವು ಬರುವ ತನಕ ಮೊದಲನೇ ಮೆಟ್ಟಿಲ ಹತ್ತಿರ ಕೈ ಹಿಸುಕಿಕೊಂಡು ನಿಂತಿರುತ್ತಿದ್ದಳು.

ಹಾಗಾದರೆ ಅದನ್ನು ಸರಿಮಾಡಿಸಬಾರದಿತ್ತೇ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಮಾಡದ ಉಪಾಯ ಇರಲಿಲ್ಲ. ಗೋಣಿಚೀಲ ಹಾಸಿದರು, ನನ್ನ ಭಾವ ಚೀಲದ ಸಮೇತ ಕೆಳಗೆ ಬಂದರು. ಮರಳು ಚೆಲ್ಲಿದರು; ಕಾಲಡಿ ಕಾಳು ಉರುಳಿದ ಹಾಗೆ ಉರುಳಿ ಇನ್ನೂ ಕೆಟ್ಟದಾಯಿತು. ಸಗಣಿ ಸಾರಿಸಿದರು, ಒಣಗಿದಾಗ ಚಿನ್ನದಂಥ ಹಿಡಿತ, ಶುಕ್ರವಾರ ಒದ್ದೆ ಕಾಲು ಬಿತ್ತೋ, ದೇವರೇ ಗತಿ. ಎಲ್ಲರಿಗೂ ಗೊತ್ತಿದ್ದ ನಿಜವಾದ ಉಪಾಯ ಒಂದೇ. ನಮ್ಮ ಕಡೆ ಕಲ್ಲು ಕೊತ್ತುವವರು ಬರುತ್ತಾರೆ. ಅರೆದು ಅರೆದು ನುಣ್ಣಗಾದ ಅರೆಯುವ ಕಲ್ಲಿಗೆ ಸಣ್ಣ ಉಳಿ, ಸುತ್ತಿಗೆಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದು ಮತ್ತೆ ತರಿ ಮಾಡಿಕೊಡುತ್ತಾರೆ. ಅದೇ ಉಳಿಯನ್ನು ಈ ಹನ್ನೊಂದು ಕಲ್ಲಿಗೆ ಹಾಕಿಸಿದರೆ ಮುಗಿಯಿತು.

ಆದರೆ ಬಸುರಿ ಇರುವ ಮನೆಗೆ ಉಳಿ ತಾಗಿಸಬಾರದು. ಅರೆಯುವ ಕಲ್ಲನ್ನಾದರೆ ಹಿತ್ತಲಿಗೆ ಉರುಳಿಸಿಕೊಂಡು ಹೋಗಿ ಕೊತ್ತಿಸಬಹುದು. ಮೆಟ್ಟಿಲು ಮನೆಯ ಮೈ. ಮನೆಯ ಮೈಗೆ ಉಳಿ ಬಿದ್ದರೆ ಹೊಟ್ಟೆಯೊಳಗಿನ ಕೂಸಿಗೆ ಬಿದ್ದಂತೆ, ತುಟಿ ಸೀಳಿ ಹುಟ್ಟುತ್ತದೆ ಅಂತ ನಂಬಿಕೆ. ಗೋಡೆಗೆ ಒಂದು ಮೊಳೆ ಕೂಡ ಹೊಡೆಯುತ್ತಿರಲಿಲ್ಲ. ಆ ಮನೆಯಲ್ಲಿ ಬಸುರಿ ಇಲ್ಲದ ದಿನ ಯಾವುದು? ಅತ್ತೆಯದು ಮುಗಿಯಿತು ಅನ್ನುವಾಗ ಅವಳ ಓರಗಿತ್ತಿಯರದು, ಅದು ಮುಗಿದರೆ ನಾದಿನಿಯರು ಹೆರಿಗೆಗೆ ತವರಿಗೆ ಬಂದರು, ಅವರು ಹೋದರೆ ಹೆಣ್ಣುಮಕ್ಕಳು ಬಂದರು, ಆಮೇಲೆ ಸೊಸೆಯರು. ನಡುವೆ ಎಲ್ಲೋ ಒಂದು ತಿಂಗಳು ಬಿಡುವು ಸಿಕ್ಕರೆ ಅದು ಆಷಾಢದ ಆಡಿ ತಿಂಗಳಾಗಿರುತ್ತಿತ್ತು, ಮನೆ ರಿಪೇರಿ ಶುರುಮಾಡುವ ಹಾಗಿಲ್ಲ. ಇನ್ನೊಂದು ಸಲ ಸಿಕ್ಕಿದಾಗ ಮಾವನ ತಾಯಿ ತೀರಿಕೊಂಡು ಸೂತಕ. ಬಸುರಿಯನ್ನು ಕಾಪಾಡಲು ಮಾಡಿದ ನೇಮವೇ ಬಸುರಿಯರನ್ನು ವರ್ಷಗಟ್ಟಲೆ ಜಾರುವ ಕಲ್ಲಿನ ಮೇಲೆ ಹತ್ತಿಸಿ ಇಳಿಸಿತು. ಇದನ್ನು ನಾನು ಒಮ್ಮೆ ಜೋರಾಗಿ ಹೇಳಿ, ದಿಂಡಿಗಲ್ ತವರಿನವಳಿಗೆ ನಾಲಿಗೆ ಉದ್ದ ಅನ್ನಿಸಿಕೊಂಡೆ.

ನನ್ನ ಮದುವೆಯಾಗಿ ಒಂದೂವರೆ ವರ್ಷ ಆಗಿತ್ತು. ದೊಡ್ಡ ಸೊಸೆಗೆ ಎರಡನೆಯದು ಏಳು ತಿಂಗಳು. ಬಳೆ ತೊಡಿಸಿ ಅವಳನ್ನು ತವರಿಗೆ ಕಳಿಸಿದ ದಿನ ಸಂಜೆ ಅತ್ತೆ ನಡುಮನೆಯಲ್ಲಿ ಕೂತು ಬೆರಳು ಮಡಚಿದಳು. ತನ್ನ ಮಗಳು ಹೆರಿಗೆಗೆ ಬರಲು ಇನ್ನು ಇಪ್ಪತ್ತು ದಿನ. ಆಡಿ ಅಲ್ಲ, ಧನುರ್ಮಾಸದ ಮಾರ್ಗಳಿ ಅಲ್ಲ, ಸೂತಕ ಇಲ್ಲ, ಸುಗ್ಗಿ ಮುಗಿದಿದೆ. ಮಾವ ತಪ್ಪಿಸಿಕೊಳ್ಳಲು ಒಂದು ನೆಪವೂ ಉಳಿದಿರಲಿಲ್ಲ. ಹೊಳಪು ಹೋಗುತ್ತದೆ ಅಂತ ಗೊಣಗಿದರು. ಅತ್ತೆ ಒಂದು ಸಲ ತಿರುಗಿ ನೋಡಿದಳು, ಅಷ್ಟೇ. ಮಾರನೇ ದಿನವೇ ತೇನಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಲ್ಲು ಕೊತ್ತುವವಳಿಗೆ ಹೇಳಿಕಳಿಸಿದಳು. ಬುಧವಾರ ಬರುತ್ತೇನೆ, ಮೂರು ದಿನದ ಕೆಲಸ ಎಂದು ಉತ್ತರ ಬಂತು.

ಆವತ್ತಿನಿಂದ ಅತ್ತೆಯ ಮುಖವೇ ಬೇರೆ. ಹಾಡು ಗುನುಗುತ್ತಿದ್ದಳು. ನಾನು ಉಪ್ಪು ಜಾಸ್ತಿ ಹಾಕಿದ ಸಾರನ್ನು ಚೆನ್ನಾಗಿದೆ ಅಂದಳು.

ಸಾರಿಗೆ ಉಪ್ಪು ಜಾಸ್ತಿಯಾದದ್ದಕ್ಕೂ ಕಾರಣ ಇತ್ತು. ನನ್ನ ತಿಂಗಳ ಲೆಕ್ಕ ತಪ್ಪಿ ಇಪ್ಪತ್ತು ದಿನ ದಾಟಿತ್ತು. ಒಂದೂವರೆ ವರ್ಷ ಇಡೀ ಬೀದಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಏನಾದರೂ ವಿಶೇಷ ಉಂಟಾ ಅಂತ. ಉಂಟು ಅಂತ ಕೂಗಿ ಹೇಳುವ ದಿನ ಬಂದಾಗ ಈ ಬುಧವಾರ ಅಡ್ಡ ನಿಂತಿತ್ತು. ಗಂಡನಿಗಾದರೂ ಹೇಳೋಣವೆಂದರೆ ಅವರು ಬೆಟ್ಟದಾಚೆ ಏಲಕ್ಕಿ ತೋಟದಲ್ಲಿ. ತಿಂಗಳಿಗೊಮ್ಮೆ ಇಳಿದು ಬರುವವರು. ಹೇಳಿದರೆ ಉಳಿ ನಿಂತುಹೋಗುತ್ತದೆ. ಇನ್ನು ಅತ್ತೆಗೆ ಅಂಥ ಇಪ್ಪತ್ತು ದಿನ ಯಾವಾಗ ಸಿಗುವುದೋ. ತುಂಬಿದ ಹೊಟ್ಟೆ ಹೊತ್ತುಕೊಂಡು ಆ ಐದನೇ ಮೆಟ್ಟಿಲನ್ನು ನಾನೇ ಹತ್ತಬೇಕು. ಹೇಳದಿದ್ದರೆ ಉಳಿ ಬೀಳುತ್ತದೆ, ನನ್ನ ಕೂಸಿನ ತುಟಿ. ಅತ್ತ ದರಿ, ಇತ್ತ ಪುಲಿ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದವಳು. ಹೊಟ್ಟೆಯಲ್ಲಿ ಕೂಸು ನಿಂತ ಮೇಲೆ ಆ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮಂಗಳವಾರ ಅಡುಗೆಮನೆಯಲ್ಲಿ ಅತ್ತೆ ಕೇಳಿದಳು. ಮೆಲ್ಲಗೆ ಕೇಳುವ ಮಾತನ್ನು ಜಗಲಿಯ ಮೇಲಿದ್ದ ಮಾವನಿಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು.

"ಏನ್ಮಾ, ನಾಳೆ ಪಡಿಗೆ ಉಳಿ ಹಾಕ್ತಾರೆ. ನಿಂಗೇನಾರ ಉಂಟಾ?"

ಒಲೆಯೊಳಗೆ ಸೌದೆ ತಳ್ಳುತ್ತಾ, ಮುಖ ತೋರಿಸದೆ ಹೇಳಿದೆ. "ಇಲ್ಲ ಅತ್ತೆ."

"ಸರಿ" ಅಂದಳು. ಆಮೇಲೆ ಏನೋ ಆಗಷ್ಟೇ ನೆನಪಾದವಳ ಹಾಗೆ, ತೋಟದಲ್ಲಿ ಕಡಲೆಕಾಯಿ ಒಣಹಾಕಿದೆ, ಕಾಗೆ ಕಾಯಲು ಯಾರೂ ಇಲ್ಲ, ನಾಳೆ ಬೆಳಿಗ್ಗೆ ಹೊರಟು ಮೂರು ದಿನ ತೋಟದ ಮನೆಯಲ್ಲಿ ಇದ್ದು ಬಾ ಎಂದಳು. ಜೊತೆಗೆ ತೋಟದಲ್ಲಿ ಕೆಲಸ ಮಾಡುವ ಅಜ್ಜಿ ಇರುತ್ತಾಳೆ ಎಂದಳು.

ನನಗೆ ಮೈಯೆಲ್ಲ ಉರಿಯಿತು. ಮನೆಯ ಸೊಸೆಯನ್ನು ಕಾಗೆ ಓಡಿಸಲು ಕಳಿಸುವುದಾ? ಈಕೆಯ ಮೆಟ್ಟಿಲಿಗಾಗಿ ನಾನು ನನ್ನ ಕೂಸನ್ನೇ ಪಣಕ್ಕಿಟ್ಟಿದ್ದೇನೆ, ಈಕೆಗೆ ಕಡಲೆಕಾಯಿಯ ಚಿಂತೆ. ಮರುದಿನ ಬೆಳಕು ಹರಿಯುವ ಮೊದಲೇ ಅತ್ತೆ ಬುತ್ತಿ ಕಟ್ಟಿಕೊಟ್ಟು ನನ್ನನ್ನು ಹೊಸ್ತಿಲು ದಾಟಿಸಿದಳು. ತೋಟದ ಅಜ್ಜಿಗೆ ಕಿವಿ ಅರ್ಧ ಕೇಳಿಸುತ್ತಿರಲಿಲ್ಲ, ಅದು ಒಳ್ಳೆಯದೇ ಆಯಿತು. ನಾನು ಇಡೀ ದಿನ ಕಾಗೆಗಳಿಗೆ ಅತ್ತೆಯ ಚಾಡಿ ಹೇಳಿದೆ. ನಡುವೆ ನಡುವೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕ್ಷಮಿಸು ಅಂತಲೂ ಹೇಳುತ್ತಿದ್ದೆ.

ಎರಡನೇ ದಿನ ಮಧ್ಯಾಹ್ನ ತಡೆಯಲಾಗಲಿಲ್ಲ. ಉಪ್ಪಿನಕಾಯಿ ಮುಗಿಯಿತು ಎನ್ನುವ ನೆಪ ಮಾಡಿಕೊಂಡು ಮನೆಯ ಕಡೆ ಬಂದೆ. ಬೀದಿಯ ತಿರುವಿನಲ್ಲೇ ಟಕ್ ಟಕ್ ಸದ್ದು ಕೇಳಿಸಿತು. ಒಂದೊಂದು ಪೆಟ್ಟೂ ನನ್ನ ಹೊಟ್ಟೆಗೇ ಬಿದ್ದ ಹಾಗಾಗಿ ಅಲ್ಲೇ ನಿಂತೆ. ಅಷ್ಟರಲ್ಲಿ ಅತ್ತೆ ನನ್ನನ್ನು ಕಂಡಳು. ತಲೆಗೂದಲ ತುಂಬ ಕಲ್ಲಿನ ಧೂಳು. ಓಡಿಬಂದು ನಡುಬೀದಿಯಲ್ಲೇ ಎರಡು ಕೈ ಅಡ್ಡ ಹಿಡಿದಳು.

"ಒಳಗೆ ಕಾಲಿಟ್ಟೆ ಅಂದ್ರೆ ನೋಡು. ಹೋಗು ತೋಟಕ್ಕೆ."

ಎದುರುಮನೆಯವರು, ಪಕ್ಕದಮನೆಯವರು ಎಲ್ಲ ನೋಡುತ್ತಿದ್ದರು. ಉಪ್ಪಿನಕಾಯಿಯ ಜಾಡಿಯನ್ನೂ ಒಂದು ಚೆಂಬು ಮಜ್ಜಿಗೆಯನ್ನೂ ತಂದು ನನ್ನ ಕೈಗೆ ತುರುಕಿ, ನಾನು ಬೀದಿ ದಾಟುವ ತನಕ ಅಲ್ಲೇ ಕಾವಲು ನಿಂತಿದ್ದಳು. ನಾನು ತೋಟದ ತನಕ ಅತ್ತುಕೊಂಡು ಹೋದೆ. ಈ ಜನ್ಮದಲ್ಲಿ ಈಕೆಯನ್ನು ಬಾಯಿತುಂಬ ಅತ್ತೆ ಅನ್ನುವುದಿಲ್ಲ ಎಂದು ಆಣೆ ಇಟ್ಟುಕೊಂಡೆ.

ಶುಕ್ರವಾರ ಸಂಜೆ ಮನೆಗೆ ಬಂದಾಗ ಕೆಲಸ ಮುಗಿದಿತ್ತು. ಹನ್ನೊಂದೂ ಮೆಟ್ಟಿಲು ಬೂದು ಬಣ್ಣಕ್ಕೆ ತಿರುಗಿ, ಹೊಸ ಅರೆಯುವ ಕಲ್ಲಿನ ಹಾಗೆ ಚುಕ್ಕಿ ಚುಕ್ಕಿ ಎದ್ದಿದ್ದವು. ಅಂಗಾಲಿಟ್ಟರೆ ಕಲ್ಲು ಕಾಲನ್ನು ಹಿಡಿದುಕೊಳ್ಳುತ್ತಿತ್ತು. ಮಾವ ಒಂದು ವಾರ ಕಾಲು ನೋವು ಅಂದರು. ಆಮೇಲೆ ಒಂದು ದಿನ ಅವರು ಮೂರನೇ ಮೆಟ್ಟಿಲಲ್ಲಿ ಕೂತು ಒಡೆದ ಹಿಮ್ಮಡಿಯನ್ನು ಕಲ್ಲಿನ ತರಿಗೆ ಸುಖವಾಗಿ ಉಜ್ಜಿಕೊಳ್ಳುತ್ತಿದ್ದುದನ್ನು ನಾನು ಕಂಡೆ. ಅವರೂ ನನ್ನನ್ನು ಕಂಡರು. ಇಬ್ಬರೂ ಆ ವಿಷಯ ಯಾರಿಗೂ ಹೇಳಲಿಲ್ಲ.

ಅತ್ತೆಯ ಮಗಳು ಹೆರಿಗೆಗೆ ಬಂದಿಳಿದ ಮೇಲೆ, ಈಗತಾನೇ ಗೊತ್ತಾಯಿತು ಅನ್ನುವ ಹಾಗೆ ನನ್ನ ಸುದ್ದಿಯನ್ನು ಹೊರಗೆ ಬಿಟ್ಟೆ. ಮಾವ ಬೀದಿಗೆಲ್ಲ ಸಕ್ಕರೆ ಹಂಚಿಸಿದರು. ಅತ್ತೆ ನನ್ನ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿ ಕೆನ್ನೆ ಸವರಿದಳು. ಎಷ್ಟು ದಿನ ಅಂತ ಕೇಳಲೇ ಇಲ್ಲ. ನಾನು ಬದುಕಿದೆ ಅಂದುಕೊಂಡೆ.

ಮುಂದಿನ ತಿಂಗಳುಗಳಲ್ಲಿ ಆ ಮೆಟ್ಟಿಲನ್ನು ಎಷ್ಟು ಸಲ ಹತ್ತಿದೆನೋ, ಒಂದು ಸಲವೂ ಕಾಲು ತಪ್ಪಲಿಲ್ಲ. ಆದರೆ ಪ್ರತಿ ಸಲವೂ ಅಂಗಾಲಿಗೆ ಆ ಚುಕ್ಕಿಗಳು ತಾಗಿದಾಗ ತುಟಿಯೇ ನೆನಪಾಗುತ್ತಿತ್ತು. ಕನ್ನಡಿ ನೋಡಿದರೆ ನನ್ನ ತುಟಿಯನ್ನು ಮೊದಲು ನೋಡುತ್ತಿದ್ದೆ. ಅತ್ತೆಯೂ ಆಗ ಸುಮ್ಮಸುಮ್ಮನೆ ರೇಗುತ್ತಿದ್ದಳು. ದೇವರ ಗೂಡಿನ ಮುಂದೆ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಮಗಳ ಹೆರಿಗೆಯ ಚಿಂತೆ ಇರಬೇಕು ಅಂದುಕೊಂಡೆ. ಮಗಳದು ಸುಸೂತ್ರವಾಗಿ ಆಯಿತು, ಅತ್ತೆಯ ರೇಗಾಟ ಮಾತ್ರ ನಿಲ್ಲಲಿಲ್ಲ.

ಏಳು ತಿಂಗಳಲ್ಲಿ ಬಳೆ ತೊಡಿಸಿಕೊಂಡು, ತೇನಿಯಲ್ಲಿ ಬಸ್ಸು ಬದಲಿಸಿ ದಿಂಡಿಗಲ್ಲಿಗೆ ಹೋದೆ. ತವರಿನಲ್ಲೇ ಹೆರಿಗೆ. ಹೆಣ್ಣುಮಗು. ಸೂಲಗಿತ್ತಿ ಕೂಸನ್ನು ತೋರಿಸಿದಾಗ ನಾನು ನೋಡಿದ್ದು ತುಟಿಯನ್ನೇ. ಬಿರಿಯದ ಮೊಗ್ಗಿನಂಥ ತುಟಿ, ಒಂದು ಗೀರಿಲ್ಲ, ಸೀಳಿಲ್ಲ. ನಾನು ಅಳುವುದನ್ನು ಕಂಡು ಹೆಣ್ಣಾಯಿತಲ್ಲ ಅಂತ ಅಳುತ್ತಿದ್ದಾಳೆ ಎಂದುಕೊಂಡು ಅಮ್ಮ ಸಮಾಧಾನ ಮಾಡಿದಳು.

ಸುದ್ದಿ ತಿಳಿಸಲು ಕಲ್ಲುಸಕ್ಕರೆ ಹಿಡಿದು ನನ್ನ ಅಣ್ಣ ಕೊಂಬೈಗೆ ಹೋಗಿ ಬಂದ. ಬಂದವನು ತಲೆ ಕೆರೆದುಕೊಳ್ಳುತ್ತಾ, ನಿಮ್ಮ ಅತ್ತೆ ವಿಚಿತ್ರದ ಹೆಂಗಸು ಎಂದ. ಗಂಡೋ ಹೆಣ್ಣೋ ಅಂತ ಕೇಳಲಿಲ್ಲವಂತೆ. ಬಾಗಿಲಲ್ಲೇ ಅವನ ತೋಳು ಹಿಡಿದು, ಕೂಸಿನ ತುಟಿ ಚೆನ್ನಾಗಿದೆಯಾ ಎಂದು ಕೇಳಿದಳಂತೆ. ಚೆನ್ನಾಗಿದೆ ಅಂದ ಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳಂತೆ. ಅಣ್ಣನಿಗೆ ನೀರು ಕೊಡಲು ಮಾವನೇ ಎದ್ದು ಬರಬೇಕಾಯಿತಂತೆ.

ನಾನು ಬಾಣಂತನದ ಮಂಚದ ಮೇಲೆ ಎದ್ದು ಕೂತೆ. ಎಂಥ ಪೆದ್ದಿ ನಾನು! ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಮನೆಯಲ್ಲಿ, ಯಾವ ಹೆಣ್ಣು ಯಾವತ್ತು ಕೂತಳು, ಯಾವತ್ತು ಕೂರಲಿಲ್ಲ ಅಂತ ಅತ್ತೆಗೆ ಗೊತ್ತಿರುವುದಿಲ್ಲವೇ? ನನ್ನದು ಮೊದಲಿಂದಲೂ ಹಿಂದೆ ಮುಂದೆ ಆಗುತ್ತಿತ್ತು, ಯಾರು ಎಣಿಸುತ್ತಾರೆ ಅಂದುಕೊಂಡಿದ್ದೆ. ಎಣಿಸದೇ ಇರುವವಳಾ ಆಕೆ!

ಐದು ತಿಂಗಳಿಗೆ ಕೂಸಿನ ಜೊತೆ ಕೊಂಬೈಗೆ ಬಂದೆ. ಅತ್ತೆ ಹೊಸ್ತಿಲಲ್ಲಿ ಆರತಿ ಎತ್ತಿ, ಕೂಸನ್ನು ಕೈಗೆ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಕೂಸಿನ ಮೇಲ್ತುಟಿಯ ಮೇಲೆ ಹೆಬ್ಬೆರಳು ಆಡಿಸಿದಳು. ಗಂಡಸರು ಹೊರಗೆ ಹೋಗುವ ತನಕ ಕಾದೆ. ನಡುಮನೆಯಲ್ಲಿ ನಾವಿಬ್ಬರೇ ಉಳಿದಾಗ, ಆವತ್ತು ನಾನು ಸುಳ್ಳು ಹೇಳಿದೆ ಅತ್ತೆ ಎಂದೆ.

ಆಕೆ ಕೂಸಿನಿಂದ ಕಣ್ಣು ಕೀಳಲಿಲ್ಲ. "ಗೊತ್ತು. ನಿಜ ಹೇಳ್ಬುಡ್ತೀಯೇನೋ ಅಂತ ನಂಗೆ ಭಯ ಇತ್ತು."

ಗೊತ್ತಿದ್ದರೆ ಯಾಕೆ ಕೇಳಿದಿರಿ, ಅದೂ ಅಷ್ಟು ಗಟ್ಟಿಯಾಗಿ ಎಂದೆ.

"ನೀ ಇಲ್ಲ ಅಂದಿದ್ದು ನಿಮ್ಮ ಮಾವನ ಕಿವಿಗೆ. ನಾ ತೋಟಕ್ಕೆ ಕಳ್ಸಿದ್ದು ಈ ಕೂಸಿಗೆ. ಉಳಿ ಒಂದು ಸೂರಿನ ಕೆಳಗೆ, ಹೊಟ್ಟೆ ಇನ್ನೊಂದು ಸೂರಿನ ಕೆಳಗೆ. ಅಷ್ಟಾದ್ರೆ ದೇವ್ರು ಒಪ್ಕೋತಾನೋ ಇಲ್ವೋ ಅಂತ ನಂಗೇನ್ ಗೊತ್ತಿತ್ತು? ಎಂಟು ತಿಂಗ್ಳು ನಾ ನಿದ್ದೆ ಮಾಡಿಲ್ಲ. ನೀನೊಬ್ಳೇ ಹೆದ್ರಿದ್ದು ಅನ್ಕೊಂಡ್ಯಾ?"

ನಡುಬೀದಿಯಲ್ಲಿ ಎರಡು ಕೈ ಅಡ್ಡ ಹಿಡಿದು ನಿಂತವಳು, ತಲೆಯ ತುಂಬ ಕಲ್ಲಿನ ಧೂಳು, ಕಣ್ಣಮುಂದೆ ಬಂದಳು. ಆ ತೋಟದ ಕಾಗೆಗಳಿಗೆಲ್ಲ ನಾನು ಆಕೆಯ ಬಗ್ಗೆ ಏನೇನು ಹೇಳಿದ್ದೆನೋ! ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ನಮ್ಮಲ್ಲಿ ಅತ್ತೆಯನ್ನು ತಬ್ಬಿಕೊಳ್ಳುವ ಪದ್ಧತಿ ಇರಲಿಲ್ಲ, ಸುಮ್ಮನೆ ಮೂಗು ಒರೆಸಿಕೊಂಡೆ.

ಕೂಸನ್ನು ಮಲಗಿಸಲು ಮೆತ್ತೆಯಲ್ಲಿ ತೊಟ್ಟಿಲು ಕಟ್ಟಿತ್ತು. ಕೊಡಿ ಅತ್ತೆ, ಮೇಲೆ ಮಲಗಿಸಿ ಬರುತ್ತೇನೆ ಎಂದು ಕೈ ಚಾಚಿದೆ. ಅತ್ತೆ ಕೊಡಲಿಲ್ಲ. ಕೂಸನ್ನು ಎಡಗಡೆಯ ಹೆಗಲಿಗೆ ಒರಗಿಸಿಕೊಂಡು ಮೆಟ್ಟಿಲ ಹತ್ತಿರ ಹೋಗಿ, ಮೊದಲನೇ ಕಲ್ಲಿನ ಮೇಲೆ ಕಾಲಿಟ್ಟಳು. ನಾನು ಹಿಂದೆಯೇ ಓಡಿದೆ. ಹಿಂದಕ್ಕೆ ತಿರುಗದೆ, ಅಲ್ಲೇ ಇರು ಎಂದು ಕೈಸನ್ನೆ ಮಾಡಿದಳು. ಆ ಕೈ ಮತ್ತೆ ಗೋಡೆಗೆ ಹೋಗಲಿಲ್ಲ, ಕೂಸಿನ ಬೆನ್ನಿಗೆ ಹೋಯಿತು.

ಒಂದು, ಎರಡು, ಮೂರು, ನಾಲ್ಕು. ಐದನೇ ಮೆಟ್ಟಿಲ ಮೇಲೆ ನಿಂತಳು. ಬಹಳ ಹೊತ್ತು ನಿಂತಳು. ಅಂಗಾಲನ್ನು ಕಲ್ಲಿನ ಮೇಲೆ ಹಿಂದೆ ಮುಂದೆ ಉಜ್ಜಿದಳು, ಒಂದು ಸಲ, ಇನ್ನೊಂದು ಸಲ. ಆಮೇಲೆ ಕೂಸಿನ ಕಿವಿಯ ಹತ್ತಿರ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಅದು ನನ್ನ ಕೂಸಿಗೆ ಹೇಳಿದ್ದೋ, ಅದೇ ಕಲ್ಲಿನ ಮೇಲೆ ಕಳಕೊಂಡ ತನ್ನ ಕೂಸಿಗೆ ಹೇಳಿದ್ದೋ ನಾನು ಕೇಳಲೂ ಇಲ್ಲ.

ಆರನೆಯದಕ್ಕೆ ಕಾಲು ಎತ್ತಿಟ್ಟು, ಉಳಿದದ್ದನ್ನು ನಿಲ್ಲದೆ ಹತ್ತಿದಳು.